ಒನ್ ನೋಟ್ರಂಪ್ ಆದಮೇಲೆ ಎರಡು ಸೂಟಿನ ಕೈ: ಬ್ರಿಡ್ಜ್ ಬೇಸ್ ಆನ್‌ಲೈನ್‌ನ ಬಿಡ್ಡಿಂಗ್ ಟೇಬಲ್ ಬಗ್ಗೆ

ಬ್ರಿಡ್ಜ್ ಅನ್ನುವ ಇಸ್ಪೀಟಾಟ ಆಡುವವರಿಗೆ ಬ್ರಿಡ್ಜ್ ಬೇಸ್ ಆನ್‌ಲೈನ್ ಗೊತ್ತಿರದೆ ಇರುವುದಿಲ್ಲ. ಫ್ರೆಡ್ ಗಿಟೆಲ್‌ಮನ್ 2001ರಲ್ಲಿ ಶುರು ಮಾಡಿದ ತಾಣ. ಹೆಚ್ಚಿನವರು ಅಲ್ಲಿಗೆ ಹೋಗುವುದು ರೋಬೋಟ್ ಜೊತೆ ಆಡೋಕೆ, ಇಲ್ಲಾಂದ್ರೆ ದೊಡ್ಡ ಟೂರ್ನಮೆಂಟಿನ ನೇರ ಪ್ರಸಾರ ನೋಡೋಕೆ. ನಾನು ಇಲ್ಲಿ ಬರೆಯುವುದು ಅದರ ಒಂದೇ ಒಂದು ಮೂಲೆಯ ಬಗ್ಗೆ. ಅಭ್ಯಾಸದ ವಿಭಾಗದಲ್ಲಿ ಬಿಡ್ಡಿಂಗ್ ಟೇಬಲ್ ಅಂತ ಒಂದಿದೆ. ಇಬ್ಬರು ಪಾರ್ಟ್ನರ್‌ಗಳು ಕೂತು ಬರೀ ಬಿಡ್ ಮಾಡುವುದು, ಅಂದ್ರೆ ಎಷ್ಟು ಟ್ರಿಕ್ (ಸುತ್ತು) ಗೆಲ್ಲುತ್ತೇವೆ, ಯಾವ ಸೂಟ್ (ಎಲೆಯ ಗುರುತು) ತುರುಫು ಅಂತ ಸರದಿಯಲ್ಲಿ ಹೇಳುವುದು. ಎಲೆ ಆಡುವುದಿಲ್ಲ. ಬಿಡ್ ಮುಗಿಯಿತು, ಮುಂದಿನ ಕೈ ಬಂತು. ಅಷ್ಟೇ.

ಅಷ್ಟೇ ಅಂದ್ರೂ, ನನ್ನ ಮತ್ತು ನಮ್ಮ ವೈನಿಯ (ಅತ್ತಿಗೆಯ) ಜೋಡಿಗೆ ಇದರಷ್ಟು ಉಪಯೋಗವಾದದ್ದು ಬೇರೆ ಯಾವುದೂ ಇಲ್ಲ. ನಾನಿರುವುದು ಮೈಸೂರಿನಲ್ಲಿ, ವೈನಿ ಹುಬ್ಬಳ್ಳಿಯಲ್ಲಿ. ಅವರು ರೈಲ್ವೆ ಅಕೌಂಟ್ಸ್‌ನಲ್ಲಿ ಇದ್ದವರು, ಬ್ರಿಡ್ಜ್ ಕಲಿತದ್ದೂ ಆಫೀಸಿನ ಸಹೋದ್ಯೋಗಿಗಳ ಜೊತೆ. ಲೆಕ್ಕದಲ್ಲಿ ಬಲು ಗಟ್ಟಿ. ಒಂದು ಬಿಡ್‌ಗೆ ಎರಡು ಅರ್ಥ ಇದ್ದರೆ ಅವರಿಗೆ ಆಗಿಬರುವುದಿಲ್ಲ. ಊಟವಾದ ಮೇಲೆ ಇಬ್ಬರೂ ಲಾಗಿನ್ ಆಗುತ್ತೇವೆ, ಪಕ್ಕದಲ್ಲಿ ಫೋನ್ ಸ್ಪೀಕರ್‌ನಲ್ಲಿ ಇರುತ್ತದೆ.

ನಾವು ಈ ಟೇಬಲನ್ನು ಮುಖ್ಯವಾಗಿ ಬಳಸುವುದು ಒಂದೇ ವಿಷಯಕ್ಕೆ: ಯಾರಾದರೂ ಒನ್ ನೋಟ್ರಂಪ್ (ತುರುಫಿಲ್ಲದೆ ಏಳು ಟ್ರಿಕ್ ಅನ್ನುವ ಬಿಡ್) ಅಂತ ಶುರು ಮಾಡಿದಾಗ ನಮ್ಮ ಕೈಯಲ್ಲಿ ಎರಡು ಉದ್ದ ಸೂಟ್ ಇದ್ದರೆ ಏನು ಮಾಡಬೇಕು ಅನ್ನುವುದಕ್ಕೆ.

ಇದನ್ನೇ ಯಾಕೆ? ಕಾರಣ ಸರಳ. ಇಂಥ ಕೈ ಮಾಮೂಲಿ ಆಟದಲ್ಲಿ ಅಭ್ಯಾಸ ಆಗುವಷ್ಟು ಸಲ ಬರುವುದೇ ಇಲ್ಲ. ಹಂಚಿದ 100 ಕೈಗಳಲ್ಲಿ 5-5 (ಎರಡು ಸೂಟಿನಲ್ಲಿ ಐದೈದು ಎಲೆ) ಇರುವುದು ಸುಮಾರು 4 ಮಾತ್ರ. ಒನ್ ನೋಟ್ರಂಪ್ ಅನ್ನಲು ಬೇಕಾದ 15ರಿಂದ 17 ಪಾಯಿಂಟಿನ (ಏಸ್ 4, ಕಿಂಗ್ 3, ಕ್ವೀನ್ 2, ಜ್ಯಾಕ್ 1) ಸಮತೂಕದ ಕೈ ಬರುವುದು 100ಕ್ಕೆ ಹತ್ತಿರ ಹತ್ತಿರ 5. ಪಾರ್ಟ್ನರ್‌ಗೆ ಅದು, ನಿಮಗೆ ಇದು, ಎರಡೂ ಒಂದೇ ಹಂಚಿಕೆಯಲ್ಲಿ ಬರಬೇಕು ಅಂದ್ರೆ ನೂರಾರು ಬೋರ್ಡ್ (ಹಂಚಿಕೆ) ಕಾಯಬೇಕು. ಕ್ಲಬ್ಬಿನಲ್ಲಿ ಒಂದು ಸಂಜೆಗೆ ಆಡುವುದು 24 ಬೋರ್ಡ್ ಇರಬಹುದು. ಆ ಕೈ ಬಂದ ದಿನ ನೀವಿಬ್ಬರೂ ಎಂದೋ ಮಾತಾಡಿಕೊಂಡದ್ದನ್ನು ಮರೆತಿರುತ್ತೀರಿ. ಬಂದಾಗ ಮಾತ್ರ ಸುಮ್ನೆ ಬರುವುದಿಲ್ಲ. ಗೇಮ್ (ಬೋನಸ್ ಕೊಡುವಷ್ಟು ದೊಡ್ಡ ಬಿಡ್), ಸ್ಲ್ಯಾಮ್ (ಹನ್ನೆರಡು ಅಥವಾ ಹದಿಮೂರು ಟ್ರಿಕ್), ದೊಡ್ಡ ಮೈನಸ್, ಹೀಗೆ ಏನಾದರೊಂದು ದೊಡ್ಡದನ್ನೇ ತರುತ್ತದೆ.

ಬಿಡ್ಡಿಂಗ್ ಟೇಬಲ್‌ನ ಅಸಲಿ ಬೆಲೆ ಇರುವುದು ಇಲ್ಲೇ. ಟೇಬಲ್ ಶುರು ಮಾಡುವಾಗ ಎಲೆ ಎಲ್ಲಿಂದ ಬರಬೇಕು ಅಂತ ಆರಿಸಬಹುದು. ಅದರಲ್ಲಿ ಒಂದು ಆಯ್ಕೆ ಡೀಲರ್ ಅನ್ನುವ ಪ್ರೋಗ್ರಾಂ. ಮೂಲದಲ್ಲಿ ಅದನ್ನು ಬರೆದವರು ಹಾನ್ಸ್ ಫಾನ್ ಸ್ತಾವೆರೆನ್. ಒಂದು ಪೆಟ್ಟಿಗೆಯಲ್ಲಿ ನಿಮ್ಮ ಷರತ್ತು ಬರೆದರೆ ಆಯಿತು. ಉತ್ತರ ದಿಕ್ಕಿನಲ್ಲಿ ಕೂತವರ ಕೈಗೆ 15ರಿಂದ 17 ಪಾಯಿಂಟ್, ಆಕಾರ 4-3-3-3, 4-4-3-2 ಅಥವಾ 5-3-3-2. ದಕ್ಷಿಣದ ಕೈಗೆ ಯಾವ ಎರಡು ಸೂಟಿನಲ್ಲಾದರೂ ಐದೈದು. ಅಲ್ಲಿಂದ ಮುಂದೆ ಬರುವ ಪ್ರತಿ ಕೈಯೂ ಹಾಗೇ ಇರುತ್ತದೆ. ವರ್ಷಕ್ಕೆ ಒಂದೋ ಎರಡೋ ಸಲ ಕಾಣುತ್ತಿದ್ದ ಸಮಸ್ಯೆ ಒಂದೇ ರಾತ್ರಿಯಲ್ಲಿ ಸಾಲಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಷರತ್ತನ್ನು ಬರೆಯುವ ರೀತಿ ಮೊದಲ ಸಲ ನೋಡಿದಾಗ ಹೆದರಿಸುತ್ತದೆ. ಅದು ಕಂಪ್ಯೂಟರ್ ಪ್ರೋಗ್ರಾಮಿನ ಸಾಲುಗಳಂತೆ ಇದೆ, ಪಾಯಿಂಟಿಗೆ, ಆಕಾರಕ್ಕೆ, ದಿಕ್ಕಿಗೆ ಗೊತ್ತಾದ ಪದಗಳೇ ಬೇಕು. ಬ್ರ್ಯಾಕೆಟ್ ಒಂದು ತಪ್ಪಿದರೂ ಕೈ ಬರುವುದಿಲ್ಲ. ಆದರೆ ಒಂದು ಸಲ ಸರಿಯಾಗಿ ಬರೆದು ಎಲ್ಲಾದರೂ ಉಳಿಸಿಕೊಂಡರೆ ಮತ್ತೆ ಮತ್ತೆ ಅದನ್ನೇ ಅಂಟಿಸಬಹುದು. ನನ್ನ ಹತ್ತಿರ ಇಂಥ ಸಾಲುಗಳದೇ ಒಂದು ಫೈಲ್ ಇದೆ: ಮೇಜರ್ (ಸ್ಪೇಡ್, ಹಾರ್ಟ್) ಎರಡೂ ಐದೈದು, ಮೈನರ್ (ಡೈಮಂಡ್, ಕ್ಲಬ್) ಎರಡೂ ಐದೈದು, ಮೇಜರ್ ಐದು ಮೈನರ್ ನಾಲ್ಕು, ಹೀಗೆ.

ಷರತ್ತಿನ ಬಗ್ಗೆ ಒಂದು ಕಿವಿಮಾತು. ಬರೀ 5-5 ಕೈಗಳನ್ನೇ ಕೇಳಬೇಡಿ. ಹಾಗೆ ಕೇಳಿದರೆ ಪಾರ್ಟ್ನರ್ ಕೈಯಲ್ಲಿ ಏನಿದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ, ಬಿಡ್ ಕೇಳಿಸಿಕೊಳ್ಳುವ ಅಗತ್ಯವೇ ಇರುವುದಿಲ್ಲ. ನಾವು 5-4-3-1, 5-4-2-2, 5-5 ಎಲ್ಲಾ ಸೇರಿಸುತ್ತೇವೆ. ಜೊತೆಗೆ ಆರು ಎಲೆಯ ಒಂದೇ ಸೂಟಿನ ಕೈಗಳನ್ನೂ ಬೆರೆಸುತ್ತೇವೆ. ಆಗ ಪ್ರತಿ ಬಿಡ್‌ಗೂ ಬೆಲೆ ಬರುತ್ತದೆ. ಕೈಗಳನ್ನು ತಿರುಗಿಸಿ ಕೊಡುವ ಆಯ್ಕೆಯನ್ನೂ ಹಾಕಿಕೊಳ್ಳಿ, ಇಲ್ಲದಿದ್ದರೆ ಒಬ್ಬರೇ ಯಾವಾಗಲೂ ನೋಟ್ರಂಪ್ ಅನ್ನುತ್ತಾ ಕೂರಬೇಕಾಗುತ್ತದೆ.

ಈ ಟೇಬಲ್‌ನಿಂದ ಏನು ಸಿಕ್ಕಿತು ಅಂತ ಹೇಳಲು ಒಂದು ಕೈ ತೋರಿಸುತ್ತೇನೆ.

ವೈನಿಯ ಕೈ: ಸ್ಪೇಡ್ ಜ್ಯಾಕ್ 8 3; ಹಾರ್ಟ್ ಏಸ್ ಕ್ವೀನ್ 9 5; ಡೈಮಂಡ್ ಕಿಂಗ್ ಜ್ಯಾಕ್ 4; ಕ್ಲಬ್ ಏಸ್ ಕ್ವೀನ್ 4. ಒಟ್ಟು 17. ಒನ್ ನೋಟ್ರಂಪ್.

ನನ್ನ ಕೈ: ಸ್ಪೇಡ್ 4 ಒಂದೇ, ಹಾರ್ಟ್ ಕಿಂಗ್ 6, ಡೈಮಂಡ್ ಏಸ್ ಕ್ವೀನ್ 9 7 5, ಕ್ಲಬ್ ಕಿಂಗ್ ಜ್ಯಾಕ್ 10 8 3. ಒಟ್ಟು 13.

ಇಬ್ಬರದೂ ಸೇರಿ 30 ಪಾಯಿಂಟ್. ತೊಂಬತ್ತು ಭಾಗ ಜನ ಇಲ್ಲಿ ಯೋಚನೆ ಮಾಡದೆ ಮೂರು ನೋಟ್ರಂಪ್ ಅಂತಾರೆ. 30 ಪಾಯಿಂಟ್ ಇದೆ, ಇನ್ನೇನು ಬೇಕು? ಆದರೆ ಸ್ಪೇಡ್ ನೋಡಿ. ಜ್ಯಾಕ್ 8 3ಕ್ಕೆ ಎದುರು ಒಂಟಿ 4. ಎದುರಾಳಿಗಳ ಹತ್ತಿರ ಒಂಬತ್ತು ಸ್ಪೇಡ್, ಅದರಲ್ಲಿ ಏಸ್, ಕಿಂಗ್, ಕ್ವೀನ್ ಮೂರೂ. ಅವರು ಸ್ಪೇಡ್ ಹಾಕಿದರೆ 5-4 ಇದ್ದರೂ ಮೊದಲ ಐದು ಟ್ರಿಕ್ ಅವರದೇ. ಉಳಿದ ಎಂಟೂ ನಮ್ಮದು, ಆದರೂ ಒಂಬತ್ತು ಟ್ರಿಕ್ ಬೇಕಾದ ಮೂರು ನೋಟ್ರಂಪ್ ಒಂದು ಡೌನ್ (ಒಂದು ಟ್ರಿಕ್ ಕಡಿಮೆ). ಈಗ ಡೈಮಂಡನ್ನು ತುರುಫು ಮಾಡಿ. ಸ್ಪೇಡ್‌ನಲ್ಲಿ ಒಂದೇ ಟ್ರಿಕ್ ಹೋಗುತ್ತದೆ. ಐದು ಡೈಮಂಡ್, ಐದು ಕ್ಲಬ್, ಮೂರು ಹಾರ್ಟ್ ಎಲ್ಲಾ ಕೂತುಕೊಂಡಿವೆ. ಆರು ಡೈಮಂಡ್ ಆರಾಮಾಗಿ ಬರುತ್ತದೆ. ಅದೇ ಎಲೆ, ಅದೇ 30 ಪಾಯಿಂಟ್. ಒಂದು ಕಡೆ ಡೌನ್, ಇನ್ನೊಂದು ಕಡೆ ಸ್ಲ್ಯಾಮ್.

ನಮ್ಮ ಒಪ್ಪಂದದಲ್ಲಿ ಒನ್ ನೋಟ್ರಂಪ್ ಮೇಲೆ ಮೂರು ಡೈಮಂಡ್ ಅಂದ್ರೆ ಮೈನರ್ ಎರಡೂ ಐದೈದು, ಗೇಮ್ ಖಾತ್ರಿ. ಮೂರು ಕ್ಲಬ್ ಅಂದ್ರೆ ಮೈನರ್ ಎರಡೂ ಇವೆ, ಆದರೆ ಬಡ ಕೈ, ಒಂದನ್ನು ಆರಿಸಿ ಬಿಟ್ಟುಬಿಡಿ. ಇದು ಹೊಸತೇನಲ್ಲ, ಬಹಳ ಜೋಡಿಗಳು ಹೀಗೇ ಆಡುತ್ತವೆ. ಆದರೆ ಮೂರು ಡೈಮಂಡ್ ಆದಮೇಲೆ ಓಪನರ್ (ಮೊದಲು ಬಿಡ್ ಶುರು ಮಾಡಿದವರು) ಏನು ಹೇಳಬೇಕು ಅನ್ನುವುದನ್ನು ಹೆಚ್ಚಿನವರು ಮಾತಾಡಿಕೊಂಡಿರುವುದಿಲ್ಲ. ನಾವು ಅದನ್ನು ಈ ಟೇಬಲ್ ಮೇಲೆ ಕಟ್ಟಿಕೊಂಡೆವು. ಓಪನರ್ ಮೂರು ಹಾರ್ಟ್ ಅಂದ್ರೆ ಹಾರ್ಟ್ ಗಟ್ಟಿ, ಸ್ಪೇಡ್ ಚಿಂತೆ. ಮೂರು ಸ್ಪೇಡ್ ಅಂದ್ರೆ ತಿರುಗಾಮುರುಗಾ. ಮೂರು ನೋಟ್ರಂಪ್ ಅಂದ್ರೆ ಎರಡೂ ಭದ್ರ. ಮೇಲಿನ ಕೈಯಲ್ಲಿ ವೈನಿ ಮೂರು ಹಾರ್ಟ್ ಅಂದರು. ನನ್ನ ಒಂಟಿ ಸ್ಪೇಡ್ ಎದುರು ಅವರ ಪಾಯಿಂಟ್ ಹೆಚ್ಚೇನೂ ವ್ಯರ್ಥವಾಗಿ ಕೂತಿಲ್ಲ ಅಂತ ಆಗಲೇ ತಿಳಿಯಿತು. ಅಲ್ಲಿಂದ ಸ್ಲ್ಯಾಮ್ ತಲುಪುವುದು ಕಷ್ಟವಾಗಲಿಲ್ಲ. ಅದೇ ಅವರ ಹಾರ್ಟ್ ಮತ್ತು ಸ್ಪೇಡ್ ಅದಲು ಬದಲಾಗಿದ್ದರೆ, ಅಂದರೆ ಸ್ಪೇಡ್ ಏಸ್ ಕ್ವೀನ್ 9 5 ಇದ್ದಿದ್ದರೆ, ಮೂರು ಸ್ಪೇಡ್ ಅನ್ನುತ್ತಿದ್ದರು. ಆಗ ನಾನು ಹುಷಾರಾಗುತ್ತಿದ್ದೆ.

ಮೇಜರ್‌ಗಳ ವಿಷಯ ಇಷ್ಟು ಕಷ್ಟವಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಐದೈದು ಮೇಜರ್ ಇದ್ದು ಗೇಮ್ ಬೇಕೇ ಬೇಕು ಅಂದ್ರೆ ಎರಡು ಹಾರ್ಟ್ ಅಂತ ಸ್ಪೇಡ್‌ಗೆ ಟ್ರಾನ್ಸ್‌ಫರ್ (ಪಾರ್ಟ್ನರ್ ಸ್ಪೇಡ್ ಅನ್ನುವಂತೆ) ಮಾಡಿ ಆಮೇಲೆ ಮೂರು ಹಾರ್ಟ್. ಗೇಮ್‌ಗೆ ಕರೆ ಮಾತ್ರ ಕೊಡುವ ಕೈಯಾದರೆ ಎರಡು ಡೈಮಂಡ್ ಅಂತ ಹಾರ್ಟ್‌ಗೆ ಟ್ರಾನ್ಸ್‌ಫರ್, ಆಮೇಲೆ ಎರಡು ಸ್ಪೇಡ್. 5-4 ಮೇಜರ್ ಇದ್ದು ಗೇಮ್ ಕೈಯಾದರೆ ಸ್ಟೇಮನ್ (ಎರಡು ಕ್ಲಬ್ ಅಂತ ನಾಲ್ಕೆಲೆಯ ಮೇಜರ್ ಇದೆಯೇ ಅಂತ ಕೇಳುವುದು), ಪಾರ್ಟ್ನರ್ ಎರಡು ಡೈಮಂಡ್, ಅಂದ್ರೆ ಇಲ್ಲ, ಅಂದರೆ ಸ್ಮೋಲೆನ್: ನಾಲ್ಕೆಲೆಯ ಮೇಜರ್ ಯಾವುದೋ ಅದನ್ನು ಮೂರರ ಮಟ್ಟದಲ್ಲಿ ಹೇಳಬೇಕು. ಐದೆಲೆಯ ಸೂಟನ್ನು ಓಪನರ್ ಮೊದಲು ಹೇಳಲಿ, ಬಲವಾದ ಕೈ ಮುಚ್ಚಿಕೊಂಡಿರಲಿ ಅನ್ನುವುದು ಅದರ ಉದ್ದೇಶ. ಇವನ್ನು ಟೇಬಲ್ ಮೇಲೆ ಒಂದಷ್ಟು ಸಲ ಮಾಡಿದರೆ ಕೈಗೆ ಹತ್ತಿಬಿಡುತ್ತವೆ.

ಇನ್ನು ನೋಟ್ರಂಪ್ ಎದುರಾಳಿಗಳದಾದಾಗ. ನನ್ನ ಪ್ರಕಾರ ಜೋಡಿಗಳು ಜಾಸ್ತಿ ಎಡವುವುದು ಇಲ್ಲೇ. ಬಿಡ್‌ಗೆ ವಿಶೇಷ ಅರ್ಥ ಕೊಡುವ ಕನ್ವೆನ್ಷನ್‌ಗಳಿಗೇನೂ ಬರವಿಲ್ಲ: ಲ್ಯಾಂಡಿ, ಕ್ಯಾಪೆಲೆಟ್ಟಿ, ಡೋಂಟ್, ಮಲ್ಟಿ ಲ್ಯಾಂಡಿ, ಇನ್ನೂ ಎಷ್ಟೋ. ನಾನು ಒಂದು ಆನ್‌ಲೈನ್ ತರಗತಿಗೆ ದುಡ್ಡು ಕೊಟ್ಟು ಸೇರಿದ್ದೆ, ಯಾವುದು ಅಂತ ಹೇಳುವುದಿಲ್ಲ. ಅಲ್ಲಿ ಇವನ್ನೆಲ್ಲ ಪಟ್ಟಿ ಮಾಡಿ ತೋರಿಸಿದರು. ಯಾವುದು ಯಾಕೆ ಅಂತ ಒಂದು ಮಾತೂ ಇರಲಿಲ್ಲ. ಆ ಉತ್ತರ ನಮಗೆ ಸಿಕ್ಕಿದ್ದು ಅಭ್ಯಾಸದಲ್ಲಿ.

ಇನ್ನೊಂದು ಜೋಡಿ ಕೈ ನೋಡಿ. ನನ್ನ ಬಲಗಡೆಯವರು 15-17ರ ಒನ್ ನೋಟ್ರಂಪ್ ಅಂದಿದ್ದಾರೆ. ನನ್ನ ಹತ್ತಿರ ಸ್ಪೇಡ್ ಏಸ್ ಕ್ವೀನ್ 8 4, ಹಾರ್ಟ್ ಕಿಂಗ್ ಜ್ಯಾಕ್ 9 7 5, ಡೈಮಂಡ್ 6, ಕ್ಲಬ್ 10 8 3. ವೈನಿ ಹತ್ತಿರ ಸ್ಪೇಡ್ ಜ್ಯಾಕ್ 6 3. ಹಾರ್ಟ್ ಕ್ವೀನ್ 4 2. ಡೈಮಂಡ್ ಕಿಂಗ್ 9 8 5. ಕ್ಲಬ್ ಜ್ಯಾಕ್ 7 2.

ಕ್ಯಾಪೆಲೆಟ್ಟಿಯಲ್ಲಿ ಎರಡು ಡೈಮಂಡ್ ಅಂದ್ರೆ ಮೇಜರ್ ಎರಡೂ ಇವೆ. ನಾನು ಎರಡು ಡೈಮಂಡ್ ಅಂದೆ ಅಂತಿಟ್ಟುಕೊಳ್ಳಿ. ವೈನಿಗೆ ಮೇಜರ್ ಮೂರು ಮೂರು. ಯಾವುದನ್ನು ಆರಿಸಬೇಕು? ಹಾರ್ಟ್ ಆದರೆ ಎಂಟು ತುರುಫು, ಸ್ಪೇಡ್ ಆದರೆ ಏಳು. ಕೇಳೋಣ ಅಂದ್ರೆ ಎರಡರ ಮಟ್ಟದಲ್ಲಿ ಜಾಗವೇ ಇಲ್ಲ. ವೈನಿ ಫೋನಿನಲ್ಲಿ ಅಂದದ್ದು ಇಷ್ಟೇ: "ಇದರಾಗ ನಾ ಏನ್ ಹೇಳ್ಲಿ? ಚೀಟಿ ಎತ್ತಬೇಕೇನು?"

ಮಲ್ಟಿ ಲ್ಯಾಂಡಿಯಲ್ಲಿ ಮೇಜರ್ ಎರಡಕ್ಕೂ ಹೇಳುವುದು ಎರಡು ಕ್ಲಬ್. ಹಳೆಯ ಲ್ಯಾಂಡಿಯಲ್ಲೂ ಹಾಗೇ. ಒಂದೇ ಮೆಟ್ಟಿಲು ಕೆಳಗೆ. ಆದರೆ ಆ ಒಂದು ಮೆಟ್ಟಿಲಲ್ಲೇ ಎಲ್ಲಾ ಇದೆ. ವೈನಿ ಎರಡು ಡೈಮಂಡ್ ಅಂತಾರೆ, ಅಂದ್ರೆ ನನಗೆ ಎರಡೂ ಸಮ, ನಿನ್ನ ಉದ್ದದ್ದು ಯಾವುದು ಹೇಳು. ನಾನು ಎರಡು ಹಾರ್ಟ್ ಅಂತೇನೆ. ಎಂಟು ಎಲೆಯ ತುರುಫು ಸಿಕ್ಕಿತು. ಇದನ್ನು ಓದಿದರೆ ಹೌದಲ್ವಾ ಅನ್ನಿಸುತ್ತದೆ, ಅಷ್ಟೇ. ಡೀಲರ್ ಪೆಟ್ಟಿಗೆಯಲ್ಲಿ ಮೇಜರ್ 5-4 ಅಂತ ಬರೆದು ಸಾಲಾಗಿ ಬಿಡ್ ಮಾಡಿ ನೋಡಿ. ಪಾರ್ಟ್ನರ್‌ಗೆ ಸಮ ಉದ್ದದ ಮೇಜರ್ ಬರುವುದು ಎಷ್ಟು ಮಾಮೂಲು ಅಂತ ಕಣ್ಣಾರೆ ಕಾಣುತ್ತದೆ. 4-5 ಮೇಜರ್ ಇಟ್ಟುಕೊಂಡು ಬಾಯಿ ತೆರೆಯಬೇಕು ಅನ್ನುವವರು ಎರಡು ಕ್ಲಬ್ಬನ್ನೇ ಮೇಜರ್‌ಗೆ ಇಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಮಾರ್ಟಿ ಬರ್ಗೆನ್ ಅವರ ಡೋಂಟ್ ಬಗ್ಗೆ ಕೇಳುವವರು ಬಹಳ. ಅದರಲ್ಲಿ ಎರಡು ಕ್ಲಬ್ ಅಂದ್ರೆ ಕ್ಲಬ್ ಮತ್ತು ಮೇಲಿನ ಇನ್ನೊಂದು ಸೂಟ್. ಎರಡು ಡೈಮಂಡ್ ಅಂದ್ರೆ ಡೈಮಂಡ್ ಮತ್ತು ಒಂದು ಮೇಜರ್. ಎರಡು ಹಾರ್ಟ್ ಅಂದ್ರೆ ಮೇಜರ್ ಎರಡೂ. ಡಬಲ್ ಅಂದ್ರೆ ಒಂದೇ ಸೂಟ್. ಎದುರಾಳಿಗಳ ದಾರಿಗೆ ಅಡ್ಡ ಹಾಕುವುದೇ ಗುರಿ, ಅದಕ್ಕೆ ಚೆನ್ನಾಗಿದೆ. ಆದರೆ ನಮ್ಮ ಮುಖ್ಯ ಕೈ ಮೇಜರ್ ಕೈ. ಅದಕ್ಕೆ ಇದು ಎರಡು ಹಾರ್ಟ್ ತನಕ ಹೋಗಿಬಿಡುತ್ತದೆ, ಯಾವುದು ಉದ್ದ ಅಂತ ಕೇಳುವ ಜಾಗ ಇನ್ನೂ ಕಡಿಮೆ. ನಾವು ಬಿಟ್ಟೆವು.

ಇಲ್ಲಿ ರೋಬೋಟ್ ಬಗ್ಗೆ ಹೇಳಬೇಕು. ಬ್ರಿಡ್ಜ್ ಬೇಸ್‌ನಲ್ಲಿರುವ ಜಿಐಬಿ ರೋಬೋಟನ್ನು ಮೂಲದಲ್ಲಿ ಮಾಡಿದವರು ಮ್ಯಾಥ್ಯೂ ಗಿನ್ಸ್‌ಬರ್ಗ್. ಅದರ ದೊಡ್ಡ ಗುಣ, ಯಾವುದೇ ಬಿಡ್‌ನ ಅರ್ಥವನ್ನು ಅದು ಬರೆದು ತೋರಿಸುತ್ತದೆ. ಎಷ್ಟು ಪಾಯಿಂಟ್, ಯಾವ ಸೂಟಿನಲ್ಲಿ ಕನಿಷ್ಠ ಎಷ್ಟು ಎಲೆ, ಎಲ್ಲಾ. ನೀವು ಬಿಡ್ ಮಾಡುವ ಮೊದಲೇ ನೋಡಬಹುದು. ಹೊಸಬರಿಗೆ ಇದಕ್ಕಿಂತ ತಾಳ್ಮೆಯ ಮೇಷ್ಟ್ರು ಸಿಗುವುದು ಕಷ್ಟ. ಎದುರಾಳಿಯ ಒನ್ ನೋಟ್ರಂಪ್ ಮೇಲೆ ಅದು ಆಡುವುದು ಕ್ಯಾಪೆಲೆಟ್ಟಿ. ಆದ್ದರಿಂದ ಕ್ಯಾಪೆಲೆಟ್ಟಿ ಕಲಿಯಬೇಕು ಅನ್ನುವವರು ಒಬ್ಬರೇ ಕೂತು ಕಲಿಯಬಹುದು.

ಆದರೆ ರೋಬೋಟಿಗೆ ಅದರದೇ ಪದ್ಧತಿ, ಬದಲಾಯಿಸಲು ಆಗುವುದಿಲ್ಲ. ನೀವು ಮಲ್ಟಿ ಲ್ಯಾಂಡಿ ಆಡುತ್ತೀರಿ ಅಂತ ಅಲರ್ಟ್ ಬರೆದರೂ ಅದು ಓದುವುದಿಲ್ಲ. ನಿಮ್ಮ ಎರಡು ಕ್ಲಬ್ಬನ್ನು ಅದು ತನ್ನ ಲೆಕ್ಕದಲ್ಲಿ ಒಂದೇ ಸೂಟಿನ ಕೈ ಅಂತಲೇ ತಿಳಿಯುತ್ತದೆ. ಮುಂದಿನ ಅದರ ಬಿಡ್‌ಗಳೂ ಆ ತಿಳಿವಳಿಕೆಯ ಮೇಲೇ ಹೋಗುತ್ತವೆ. ಅದಕ್ಕೇ ನಾವು ಎದುರಾಳಿಯ ನೋಟ್ರಂಪ್ ಅಭ್ಯಾಸಕ್ಕೆ ಬೇರೆ ಟೇಬಲ್ ಹಾಕಿ ರೋಬೋಟ್ ಕೂರಿಸುವುದು ಒನ್ ನೋಟ್ರಂಪ್ ಅನ್ನಿಸಲಿಕ್ಕೆ ಮಾತ್ರ. ಆಮೇಲೆ ಅದು ಏನಂದರೂ ಗಮನ ಕೊಡುವುದಿಲ್ಲ. ನಿಜವಾದ ಅಡ್ಡಬಿಡ್ ಬೇಕು ಅಂದ್ರೆ ಇನ್ನೊಂದು ಜೋಡಿಯನ್ನು ಕರೆಯುವುದೇ ಸರಿ. ನಾಲ್ಕೂ ಜನ ಮನುಷ್ಯರು ಇದ್ದಾಗ ಅಭ್ಯಾಸದ ತೂಕವೇ ಬೇರೆ.

ದುಡ್ಡಿನ ವಿಷಯ. ಖಾತೆ ತೆರೆಯುವುದು, ಬಿಡ್ಡಿಂಗ್ ಟೇಬಲ್, ಡೀಲರ್ ಷರತ್ತು ಇವಕ್ಕೆಲ್ಲ ಏನೂ ಕೊಡಬೇಕಿಲ್ಲ. ರೋಬೋಟ್ ಬಾಡಿಗೆಗೂ ಹಲವು ಟೂರ್ನಮೆಂಟ್‌ಗಳಿಗೂ ಬಿಬಿ ಡಾಲರ್ ಬೇಕು, ಒಂದು ಬಿಬಿ ಡಾಲರ್ ಅಂದ್ರೆ ಒಂದು ಅಮೆರಿಕನ್ ಡಾಲರ್. ಇಬ್ಬರೇ ಕೂತು ಬಿಡ್ ಮಾಡುವವರು ಇದರ ಗೊಡವೆಗೆ ಹೋಗಬೇಕಾಗಿಲ್ಲ. ಪಾರ್ಟ್ನರ್ ಜೊತೆ ಬಿಡ್ ಅಭ್ಯಾಸ ಮಾಡದೆ ರೋಬೋಟ್ ಟೂರ್ನಮೆಂಟ್ ಒಂದಾದಮೇಲೊಂದು ಆಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅಲ್ಲಿ ಎಲೆ ಆಡುವುದು ಸುಧಾರಿಸಬಹುದು. ಪಾರ್ಟ್ನರ್ ಜೊತೆಗಿನ ಒಪ್ಪಂದ ಸುಧಾರಿಸುವುದು ಹೇಗೆ?

ಮುಗಿದ ಕೈಗಳು ಹಿಸ್ಟರಿಯಲ್ಲಿ ಉಳಿಯುತ್ತವೆ, ಮತ್ತೆ ತೆರೆದು ನಾಲ್ಕೂ ಕೈ ನೋಡಬಹುದು. ಯಾವ ಸೂಟಿನಲ್ಲಿ ಎಷ್ಟು ಟ್ರಿಕ್ ಬರುತ್ತಿತ್ತು ಅನ್ನುವ ಲೆಕ್ಕವೂ ಸಿಗುತ್ತದೆ. ಆದರೆ ಆ ಲೆಕ್ಕ ನಾಲ್ಕೂ ಕೈ ತೆರೆದಿಟ್ಟುಕೊಂಡು ಮಾಡಿದ್ದು. ಒಂದು ಕೈಯಲ್ಲಿ ಸ್ಲ್ಯಾಮ್ ಬಂತು ಅಂತ ಅದನ್ನು ಮುಟ್ಟದ ಬಿಡ್ ತಪ್ಪು ಅಂತಲ್ಲ. ವೈನಿ ಈ ವಿಷಯದಲ್ಲಿ ಕಟ್ಟುನಿಟ್ಟು. ಮೊದಲು ಬರೀ ನಮ್ಮಿಬ್ಬರ ಕೈ ನೋಡಿ ಎಲ್ಲಿ ನಿಲ್ಲಬೇಕಿತ್ತು ಅಂತ ತೀರ್ಮಾನ ಮಾಡುತ್ತಾರೆ, ಆಮೇಲೇ ಎದುರಾಳಿಗಳ ಕೈ ತೆರೆಯುವುದು. ನೀವೂ ಹೀಗೇ ಮಾಡಿ.

ಫೋನ್‌ಗಿಂತ ಲ್ಯಾಪ್‌ಟಾಪ್ ಒಳ್ಳೆಯದು, ಷರತ್ತಿನ ಸಾಲು ಅಂಟಿಸುವುದು ಫೋನಿನಲ್ಲಿ ತಾಪತ್ರಯ. ಟೇಬಲ್‌ನ ಚಾಟ್‌ನಲ್ಲಿ ಬರೆಯುತ್ತಾ ಕೂರುವುದಕ್ಕಿಂತ ಮಾತಾಡುವುದು ಸುಲಭ. ಆದರೆ ಬಿಡ್ ನಡೆಯುವಾಗ ಇಬ್ಬರೂ ಬಾಯಿ ಮುಚ್ಚಿಕೊಂಡಿರಬೇಕು. "ಹೂಂ" ಅನ್ನುವ ದನಿಯೂ ಸುಳಿವೇ. ನಾವು ಬಿಡ್ ಮುಗಿಯುವ ತನಕ ಫೋನ್ ಮ್ಯೂಟ್ ಮಾಡುತ್ತೇವೆ.

ಯಾರಿಗೆ ಇದು ಬೇಡ? ಟ್ರಾನ್ಸ್‌ಫರ್, ಸ್ಟೇಮನ್ ಇನ್ನೂ ಗಟ್ಟಿಯಾಗದವರಿಗೆ ಈಗಲೇ ಬೇಡ. ಮೊದಲು ಮಾಮೂಲಿ ಕೈಗಳನ್ನು ಆಡಲಿ. ಆಟ ಎಂದರೆ ಎಲೆ ಆಡುವುದೇ ಅನ್ನುವವರಿಗೂ ಬೇಸರ ಬರಬಹುದು. ಪಾರ್ಟ್ನರ್ ದಿನಕ್ಕೊಬ್ಬರು ಬದಲಾಗುವವರಿಗೆ ಇದರಿಂದ ಹೆಚ್ಚು ಲಾಭವಿಲ್ಲ. ಒಬ್ಬರೇ ಪಾರ್ಟ್ನರ್, ಬೇರೆ ಊರು, ವಾರಕ್ಕೆ ಒಂದೆರಡು ಗಂಟೆ ಬಿಡುವು ಇರುವವರು ಇವತ್ತೇ ಶುರು ಮಾಡಬಹುದು.

ನಾವು ಈಗ ಹಿಡಿದಿರುವುದು 12-14ರ ಬಡ ನೋಟ್ರಂಪ್ ಎದುರಿನ ಬಿಡ್. ಬಲವಾದ ನೋಟ್ರಂಪ್ ಮೇಲೆ ಆಟಗಾರ ಕಿಟ್ ವೂಲ್ಸೀ ಪದ್ಧತಿಯಂತೆ ನಮ್ಮ ಡಬಲ್ ಅಂದ್ರೆ ನಾಲ್ಕೆಲೆಯ ಮೇಜರ್ ಮತ್ತು ಉದ್ದದ ಮೈನರ್. ಬಡ ನೋಟ್ರಂಪ್ ಮೇಲೆ ಅದನ್ನೇ ಇಟ್ಟರೆ 16 ಪಾಯಿಂಟ್ ಹಿಡಿದು ಕೂತವರು ಏನು ಹೇಳಬೇಕು? ಅಲ್ಲಿ ಡಬಲ್ ಶಿಕ್ಷೆಗೇ, ಅಂದ್ರೆ ಅವರನ್ನು ಡೌನ್ ಮಾಡಲಿಕ್ಕೇ, ಇರಲಿ ಅನ್ನುವುದು ವೈನಿಯ ವಾದ, ನಾನೂ ಒಪ್ಪಿದ್ದೇನೆ. ಹಾಗಾದರೆ ಮೇಜರ್ ನಾಲ್ಕು ಮೈನರ್ ಐದು ಇರುವ ಕೈ ಎಲ್ಲಿಗೆ ಹೋಗಬೇಕು ಅನ್ನುವುದು ಉಳಿಯಿತು. ಸದ್ಯಕ್ಕೆ ಅದು ಪಾಸ್. ಓಪನರ್ ಕೈಗೆ 12ರಿಂದ 14 ಅಂತ ತಿದ್ದಿ ಹೊಸ ಸಾಲು ಬರೆದಿಟ್ಟಿದ್ದೇನೆ, ಈ ವಾರ ಅದನ್ನೇ ಹಾಕುತ್ತೇವೆ.